ಡೂಲಾಲಿ ಅಂದ್ರ ಯಾವೂರು?

ಪ್ರಶ್ನೆ: ಲಂಡನ್ನಿನಾಗ ಇರೋ ಮಗಳು ಮೊನ್ನೆ ಫೋನ್ ಮಾಡಿದಾಗ, ಇಲ್ಲಿ ಮಂದಿ ತಲಿ ಕೆಟ್ಟವರಿಗೆ 'ಡೂಲಾಲಿ' ಅಂತಾರಪ್ಪಾ, ಅದು ನಮ್ಮ ದೇಶದ್ದ ಶಬ್ದ ಅಂತ ಅಂದ್ಲು. ನನಗ ನಂಬಿಕಿ ಬರವಲ್ತು, ಖರೇನ ಏನ್ರಿ?
- ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಗಳು ಬರೋಬ್ಬರಿ ಹೇಳ್ಯಾಳ್ರಿ. ಅದು ಒಂದು ಊರಿನ ಹೆಸರು, ನಾಶಿಕ್ ಬಾಜೂಕ ಇರೋ ದೇವಳಾಲಿ, ಈಗೂ ಸೈನ್ಯದ ತೋಪಿನ ಟ್ರೇನಿಂಗ್ ಶಾಲಿ ಅಲ್ಲೇ ಐತಿ, ನಿಮ್ಮ ಓಣ್ಯಾಗ ಮಿಲ್ಟ್ರಿಯಿಂದ ಬಂದವರಿದ್ರ ಕೇಳಿ ನೋಡ್ರಿ. ಬ್ರಿಟಿಷರು 1860ರ ದಶಕದಾಗ ಅಲ್ಲಿ ಕ್ಯಾಂಪ್ ಹಾಕಿದ್ರು. ನೌಕರಿ ಮುಗಿಸಿದ ಗೋರಾ ಸಿಪಾಯಿಗಳು ಮುಂಬೈಯಿಂದ ಹಡಗು ಹತ್ತೂ ಮುಂದ ಅಲ್ಲಿ ಬಂದು ಕಾಯಬೇಕು, ಆದ್ರ ಹಡಗು ಬರೋದು ನವೆಂಬರಿನಿಂದ ಮಾರ್ಚ್ ತನಕ ಅಷ್ಟ, ಏಪ್ರಿಲ್ಲಿನಾಗ ಬಂದವನ ಗತಿ ಏನು ಹೇಳ್ರಿ, ಬ್ಯಾಸಗಿ ಕಳದು ಮಳಿಗಾಲ ಕಳದು ದೀಪಾವಳಿ ಆಗೋ ತನಕ ಕೆಲಸಿಲ್ಲ ಬೊಗಸಿಲ್ಲ ಕುಂತಿರಬೇಕು. ಕುಡಿಯೋದು, ಜಗಳಾ ತಗಿಯೋದು, ಮ್ಯಾಲೆ ಮಲೇರಿಯಾ ಬ್ಯಾರೆ. ಅಲ್ಲಿ ದೊಡ್ಡ ಹುಚ್ಚಾಸ್ಪತ್ರಿ ಇತ್ತು ಅದಕ್ಕ ಈ ಹೆಸರು ಅಂತ ಕೆಲವರು ಬರೀತಾರ, ನನಗ ಕೇಳಿದ್ರ ತಲಿ ಕೆಡಾಕ ಆ ಕಾಯೋದ ಸಾಕಿತ್ತು.

ಮೊದಲು ಪೂರಾ ಮಾತು 'ಡೂಲಾಲಿ ಟ್ಯಾಪ್' ಅಂತಿತ್ತು. ಟ್ಯಾಪ್ ಅಂದ ಕೂಡ್ಲೇ ಹುಬ್ಬಳ್ಳಿ ಮಂದಿಗೆ ನಳ ನೆನಪಾಗ್ತದ, ನಮಗ ಅದರದ್ದ ಚಿಂತಿ, ಆದ್ರ ಇದು ನಳ ಅಲ್ಲ. ಜ್ವರಕ್ಕ ಉರ್ದುವಿನಾಗ 'ತಪ್', ಬೆಳಗಾವಿ ಕಡೆ ಮರಾಠಿ ಮಂದಿ 'ತಾಪ' ಅಂತಾರಲ್ಲ, ಅದ ಇದು. ಅಂದ್ರ ದೇವಳಾಲಿ ಜ್ವರ! ಸಿಪಾಯಿಗಳ ಬಾಯಾಗ ದೇವಳಾಲಿ ಹೋಗಿ ಡೂಲಾಲಿ ಆತು, ಅವರ ಜೋಡಿ ಹಡಗು ಹತ್ತಿ ಇಂಗ್ಲೆಂಡಿಗೂ ಹೋತು, ಬರಬರತಾ ಟ್ಯಾಪ್ ಉದುರಿ ಬರೇ ಡೂಲಾಲಿ ಉಳೀತು. ಈಗ ಅಲ್ಲಿ ಅದನ್ನ ಅನ್ನೋರಿಗೆ ಅದೊಂದು ಊರು ಅನ್ನೋದ ಗೊತ್ತಿರಂಗಿಲ್ಲ.

ಅಲ್ರಿ, ಇದರಾಗ ನಂಬಲಾರದ್ದೇನೈತಿ? ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರಿ ಐತಿ ಅಂತ ನಾವೂ 'ಇವನ್ನ ಧಾರವಾಡಕ್ಕ ಕಳಸ್ರಿ' ಅಂತೀವಲ್ಲ. ಬೇಂದ್ರೆಯವರ ಊರು, ಪೇಢಾದ ಊರು, ಅದಕ್ಕ ಈ ಮಾತೊಂದು ಅಂಟಿಕೊಂಡೈತಿ, ಧಾರವಾಡದವನಾಗಿ ನನಗ ಸಿಟ್ಟೂ ಬರ್ತದ ನಗೂನೂ ಬರ್ತದ. ಇನ್ನೊಮ್ಮೆ ಆಫೀಸಿನಾಗ ಯಾರರ ಡೂಲಾಲಿ ಅಂದ್ರ, ನಮ್ಮ ಕಡೆ ಅದಕ್ಕ 'ಧಾರವಾಡ' ಅಂತಾರ ಅಂತ ಹೇಳಂತ ಮಗಳಿಗೆ ಹೇಳ್ರಿ.