ಪಟ್ಟಿ ಕೊಡಲ್ಲ, ಲೈಬ್ರರಿ ಕಾರ್ಡ್ ಮಾಡಿಸಿ

ಹಾಸನದಲ್ಲಿ ಬಿ.ಕಾಂ. ಓದ್ತಿರೋ ಒಬ್ರು ಬರ್ದಿದಾರೆ: "ಸರ್, ಸೂಪರ್‌ಹೀರೋ ಸಿನಿಮಾ ನೋಡಿ ಕಾಮಿಕ್ಸ್ ಹುಚ್ಚು ಹತ್ತಿದೆ. ಆದ್ರೆ ಒಂದೊಂದು ಪುಸ್ತಕಕ್ಕೆ 700-800 ರೂಪಾಯಿ, ನನ್ನ ಹತ್ರ ತಿಂಗಳಿಗೆ 300 ಉಳಿದ್ರೆ ಹೆಚ್ಚು. ಓದಲೇಬೇಕಾದ 10 ಕಾಮಿಕ್ಸ್ ಪಟ್ಟಿ ಕೊಡಿ."

ಕೊಡಲ್ಲ ಮಾರಾಯ್ರೇ. ಇಷ್ಟು ಚೆನ್ನಾಗಿ ಕಾಗದ ಬರೆಯೋರು ಇನ್ನೊಬ್ಬರ ಪಟ್ಟಿ ಹಿಡ್ಕೊಂಡು ಅಂಗಡಿಗೆ ಹೋಗೋದಾ? ಹೊಸ ಪುಸ್ತಕ ಕೊಂಡ್ರೆ ಬರೆದೋರಿಗೆ ದುಡ್ಡು ಹೋಗುತ್ತೆ, ಅದು ನ್ಯಾಯ, ಒಪ್ದೆ. ಆದ್ರೆ ನಿಮ್ಮ ರುಚಿ ಏನು ಅಂತ ನಿಮಗೇ ಗೊತ್ತಾಗೋಕ್ ಮುಂಚೆ ಕೊಳ್ಳೋಕೆ ಯಾಕೆ ಹೋಗ್ತೀರಿ?

ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಬಾಡಿಗೆ ಪುಸ್ತಕದಂಗಡಿ ಇತ್ತು, ದಿನಕ್ಕೆ 25 ಪೈಸೆ, ಅಲ್ಲೇ ಬೆಂಚಲ್ಲಿ ಕೂತು ಓದಿದ್ರೆ 10 ಪೈಸೆ, ನಾನು ಬೆಂಚಿನ ಗಿರಾಕಿ. ಫ್ಯಾಂಟಮ್, ಬಹಾದುರ್ ಅನ್ನೋ ಹೀರೋಗಳ ಕಥೆ ಎಲ್ಲ ಇಂದ್ರಜಾಲ ಕಾಮಿಕ್ಸ್ ಸರಣಿಯಲ್ಲಿ ಅಲ್ಲೇ ಮುಗಿಸ್ದೆ, ಸಪ್ಪೆ ಅನ್ಸಿದ್ದನ್ನ ನಾಲ್ಕನೇ ಪುಟಕ್ಕೇ ಮಡಚಿಟ್ಟೆ, ಹೋಗಿದ್ದು 10 ಪೈಸೆ ತಾನೆ.

ನೀವೂ ಹಂಗೇ ಮಾಡಿ. ಮೊದಲು ಲೈಬ್ರರಿ ಕಾರ್ಡ್ ಮಾಡಿಸಿ. ಬೆಂಗಳೂರಿಗೆ ಬಂದ್ರೆ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿ ಕೆದಕಿ, ಚರ್ಚ್ ಸ್ಟ್ರೀಟಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ನುಗ್ಗಿ. ಕಾಪಿರೈಟ್ ಮುಗಿದ ಹಳೇ ಅಮೆರಿಕನ್ ಕಾಮಿಕ್ಸ್ ಡಿಜಿಟಲ್ ಕಾಮಿಕ್ ಮ್ಯೂಸಿಯಂ ಅನ್ನೋ ವೆಬ್‌ಸೈಟಲ್ಲಿ ಪುಕ್ಕಟೆ ಇವೆ, ಕದ್ದಿದ್ದಲ್ಲ. ಇನ್ನು ಸೂಪರ್‌ಮ್ಯಾನ್ 1938ರಿಂದ ಬರ್ತಿದಾನೆ, ಅವನನ್ನ ಮೊದಲ್ನಿಂದ ಓದ್ತೀನಿ ಅಂದ್ರೆ ನಿಮ್ಮ ಡಿಗ್ರಿ ಅಲ್ಲ, ರಿಟೈರ್ಮೆಂಟೂ ಮುಗಿಯುತ್ತೆ. ಅದಕ್ಕೇ ಒಂದೇ ಪುಸ್ತಕದಲ್ಲಿ ಮುಗಿಯೋ ಕಥೆ ಹುಡುಕಿ. 1986-87ರಲ್ಲಿ 12 ಸಂಚಿಕೆಯಾಗಿ ಬಂದ 'ವಾಚ್‌ಮೆನ್' ಈಗ ಒಂದೇ ಸಂಪುಟ. ಇಷ್ಟ ಆದ್ರೆ ಹೀರೋ ಹೆಸರು ಹಿಡ್ಕೊಂಡು ಹೋಗ್ಬೇಡಿ, ಬರೆದೋರ, ಚಿತ್ರ ಬಿಡಿಸಿದೋರ ಹೆಸರು ಹಿಡ್ಕೊಂಡು ಹೋಗಿ, ಯಾಕಂದ್ರೆ ಹೀರೋ ಕಂಪನಿ ಸೊತ್ತು, ಹತ್ತಾರು ಕೈ ಬದಲಾಗಿರ್ತಾನೆ, ಕೈ ಕೆಟ್ಟಿದ್ರೆ ಕಥೇನೂ ಕೆಟ್ಟಿರುತ್ತೆ.

ಈಗ ನನ್ನ ಹೊಟ್ಟೆಯುರಿ. ಅಮರ ಚಿತ್ರ ಕಥೆಯ ಮೊದಲ 10 ಪುಸ್ತಕ ಬಂದಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ! ಈ ಸರಣಿ ಕಟ್ಟಿದ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಇಂಗ್ಲಿಷ್ 'ಕೃಷ್ಣ' 11ನೇ ನಂಬರ್ ಆಗಿದ್ದು ಅದಕ್ಕೇ. ಅಂಥ ನಾಡಲ್ಲಿ ಇವತ್ತು ಪುಸ್ತಕದಂಗಡಿಗೆ ಹೋಗಿ ಕನ್ನಡ ಕಾಮಿಕ್ಸ್ ಕೇಳಿದ್ರೆ ಬಣ್ಣ ತುಂಬೋ ಪುಸ್ತಕ ತೋರಿಸ್ತಾರೆ. ಒಂದು ಲೈಬ್ರರಿಯಲ್ಲಿ ಕಾಮಿಕ್ಸ್ ಬೀರುಗೆ ಬೀಗ ನೋಡ್ದೆ. ಯಾಕ್ ಸರ್ ಅಂದ್ರೆ "ಮಕ್ಕಳು ಹರೀತಾರೆ" ಅಂದ್ರು. ಹರೀಲಿ ಬಿಡಿ ಸ್ವಾಮಿ, ಹರಿಯೋಷ್ಟು ಓದಿದ್ರಲ್ಲ! ಅಪ್ಪಅಮ್ಮಂದಿರದ್ದು ಇನ್ನೊಂದು, "ಚಿತ್ರ ನೋಡಿದ್ದು ಸಾಕು, ಓದ್ಕೋ" ಅಂತಾರೆ, ಆ ಮಗು ಓದ್ತಾನೇ ಇರುತ್ತೆ.

ನಮ್ಮ ಬೆಂಚಿನ ಫ್ಯಾಂಟಮ್ ಒಂದರ ಕೊನೇ ಪುಟ ಯಾರೋ ಹರ್ಕೊಂಡು ಹೋಗಿದ್ರು. ಕಡಲ್ಗಳ್ಳರು ಸಿಕ್ಕಿಬಿದ್ರೋ ಇಲ್ವೋ ಇವತ್ತಿಗೂ ತಿಳಿದಿಲ್ಲ. ರಾಶಿ ಕೆದಕುವಾಗ ನಿಮ್ಗೆ ಸಿಕ್ರೆ ಕೊಳ್ಳೋದೂ ಬೇಡ, ಒಂದು ಫೋಟೋ ಹೊಡ್ದು ಕಳ್ಸಿ.