ಸ್ಟುಟ್‌ಗಾರ್ಟ್‌ನ ಸಭೆಯಲ್ಲಿ ನೀವು ಅತಿಥಿಯೋ, ಸದಸ್ಯರೋ?

ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಸಭೆಯಿಂದ ಸ್ಟುಟ್‌ಗಾರ್ಟ್‌ಗೆ ಬಂದಿದ್ದೀರಿ. ಇಲ್ಲಿನ ಎವಾಂಗೆಲಿಶ್ (ಪ್ರೊಟೆಸ್ಟಂಟ್) ಸಭೆಯಲ್ಲಿ ಜರ್ಮನರಿಗೂ ನಮಗೂ ಒಂದೇ ಸ್ಥಾನವಾ ಎಂದು ಕೇಳಿದ್ದೀರಿ. ನಿಯಮದಲ್ಲಿ ಒಂದೇ. ಆದರೆ ಅದು ತಾನಾಗಿ ಕೈಗೆ ಬರುವುದಿಲ್ಲ, ಪುಕ್ಕಟೆಯೂ ಅಲ್ಲ.

ಹೀಬ್ರೂ ಬೈಬಲಿನಲ್ಲಿ ಹೊರಗಿನವನಿಗೆ ಎರಡು ಪದಗಳಿವೆ. ನೊಖ್ರಿ ಎಂದರೆ ವ್ಯಾಪಾರಕ್ಕೋ ಇನ್ನೇತಕ್ಕೋ ಬಂದು ಹೋಗುವವನು (ನೌಕರಿಗೂ ಇದಕ್ಕೂ ನಂಟಿಲ್ಲ, ಆದರೂ ಇಲ್ಲಿ ನಮ್ಮಲ್ಲಿ ಬಹಳ ಜನ ನೊಖ್ರಿಯೂ ಹೌದು, ನೌಕರರೂ ಹೌದು). ಗೇರ್ ಎಂದರೆ ಬಂದು ನೆಲೆಸಿದವನು. ನೊಖ್ರಿಯಿಂದ ಬಡ್ಡಿ ತೆಗೆದುಕೊಳ್ಳಬಹುದಿತ್ತು. ಗೇರ್‌ಗೆ ಹೊಲದಲ್ಲಿ ಮರೆತ ಸಿವುಡು, ದ್ರಾಕ್ಷಿತೋಟದ ಹಕ್ಕಲು ಬಿಡಬೇಕಿತ್ತು. ಸಬ್ಬತ್ತಿನ ವಿಶ್ರಾಂತಿಯೂ ಅವನಿಗುಂಟು. ಪಸ್ಕದ (ಈಜಿಪ್ಟಿನಿಂದಾದ ಬಿಡುಗಡೆಯ ಹಬ್ಬದ) ಊಟಕ್ಕೆ ಮಾತ್ರ ಮೊದಲು ಸುನ್ನತಿಯಾಗಬೇಕು, ಆಮೇಲೆ ಸ್ವದೇಶಿಗೂ ಅವನಿಗೂ ಒಂದೇ ಕಟ್ಟಳೆ (ವಿಮೋಚನಕಾಂಡ 12:48-49). ಅಂದರೆ ಹಕ್ಕಿನ ಜೊತೆ ಹೊಣೆಯೂ ಸಮ. ಮೋವಾಬಿನಿಂದ ಬಂದ ವಿಧವೆ ರೂತಳು ಹೊಲದ ಒಡೆಯ ಬೋವಜನ ಮುಂದೆ ತಾನು ನೊಖ್ರಿಯವಳು ಎಂದೇ ಹೇಳಿಕೊಳ್ಳುತ್ತಾಳೆ. ಆತ ಅವಳನ್ನು ಕೊಯ್ಲಿನವರ ಜೊತೆಗೇ ಊಟಕ್ಕೆ ಕೂರಿಸುತ್ತಾನೆ.

ನಿಮ್ಮ ಮಟ್ಟಿಗೆ ಆ ಹೊಣೆ ಶುರುವಾಗುವುದು ಬ್ಯೂರ್ಗರ್‌ಬ್ಯೂರೋದಲ್ಲಿ (ನಗರದ ನಾಗರಿಕ ಸೇವಾ ಕಚೇರಿ). ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮಾಡಿಸಬೇಕು. ಅರ್ಜಿಯ ಧರ್ಮದ ಕಾಲಂನಲ್ಲಿ ಎವಾಂಗೆಲಿಶ್ ಎಂದು ಬರೆದರೆ ಸದಸ್ಯರೆಂದು ದಾಖಲಾಗುತ್ತೀರಿ, ಸಂಬಳದಲ್ಲೇ ಕಿರ್ಷನ್‌ಸ್ಟೊಯರ್ (ಚರ್ಚ್ ತೆರಿಗೆ) ಕಡಿತವಾಗುತ್ತದೆ. ಅದು ಸಂಬಳದ ಶೇ. 8 ಎಂದು ಹೆದರುವವರೇ ಹೆಚ್ಚು. ಅಲ್ಲ, ಆದಾಯ ತೆರಿಗೆಯ ಶೇ. 8 (ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ, ಉಳಿದೆಡೆ ಶೇ. 9). ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಇದ್ದರೆ ಇದು 480. ತೆರಿಗೆಯೇ ಬರದ ವಿದ್ಯಾರ್ಥಿಗೆ ಸಂಬಳದಿಂದ ಏನೂ ಹೋಗದು, ಸದಸ್ಯತ್ವ ಮಾತ್ರ ಪೂರ್ತಿ. ಕಟ್ಟಿದ್ದನ್ನು ವಾರ್ಷಿಕ ತೆರಿಗೆ ಲೆಕ್ಕದಲ್ಲಿ ತೋರಿಸಿ, ಆದಾಯದಿಂದ ಕಳೆಯುತ್ತಾರೆ.

ದುಡ್ಡು ಉಳಿಯಲಿ ಎಂದು ಕಾಲಂ ಖಾಲಿ ಬಿಡುವವರಿದ್ದಾರೆ. ಕರ್ತನ ಭೋಜನಕ್ಕೆ ತೊಂದರೆಯಿಲ್ಲ, ಬೇರೆ ಸಭೆಗಳ ದೀಕ್ಷಾಸ್ನಾನ ಪಡೆದವರನ್ನೂ ಕರೆಯುತ್ತಾರೆ. ಸಿಕ್ಕಿಕೊಳ್ಳುವುದು ಗೆಳತಿಯ ಮಗುವಿಗೆ ಜ್ಞಾನತಾಯಿ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವಳು) ಆಗಬೇಕಾದಾಗ, ಸಭೆಯ ಚುನಾವಣೆಯಲ್ಲಿ ಮತ ಹಾಕಬೇಕಾದಾಗ. ಮನಸ್ಸು ಬದಲಾದರೆ ದೀಕ್ಷಾಸ್ನಾನದ ಪತ್ರ ಹಿಡಿದು ನಿಮ್ಮ ಬಡಾವಣೆಯ ಪಾದ್ರಿಯ ಕಚೇರಿಗೆ ಹೋಗಿ, ಆಮೇಲೂ ಸೇರಬಹುದು. ಆ ಪತ್ರವನ್ನು ಊರಿನ ಸಭೆಯಿಂದ ಇಂಗ್ಲಿಷಿನಲ್ಲೇ ತರಿಸಿಕೊಳ್ಳಿ.

ಸದಸ್ಯರಾದ ಮೇಲೆ ಪಾಸ್‌ಪೋರ್ಟಿನ ಬಣ್ಣ ಲೆಕ್ಕಕ್ಕಿಲ್ಲ. ಸ್ಟುಟ್‌ಗಾರ್ಟ್ ಸೇರಿರುವ ವ್ಯುರ್ಟೆಂಬೆರ್ಗ್ ಸಭೆಯಲ್ಲಿ ಆರು ವರ್ಷಕ್ಕೊಮ್ಮೆ ಸಭಾ ಮಂಡಳಿಯ ಚುನಾವಣೆ. 14 ತುಂಬಿದವರಿಗೆ ಮತ, 18 ತುಂಬಿದವರು ಸ್ಪರ್ಧಿಸಬಹುದು. ದೇಶದ ಚುನಾವಣೆಯಲ್ಲಿ ನಿಮಗಿಲ್ಲದ ಮತ ಇಲ್ಲಿದೆ.

ಎಡವುವುದು ನಿಯಮದಲ್ಲಲ್ಲ, ಸುದ್ದಿ ತಲುಪುವುದರಲ್ಲಿ. ಯೆರೂಸಲೇಮಿನ ಮೊದಲ ಸಭೆಯಲ್ಲೂ ಇಂಥದ್ದೇ ಆಯಿತು: ದಿನದ ಆಹಾರದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರು ಬಿಟ್ಟುಹೋದರು. ಆಗ ಅಪೊಸ್ತಲರು ಉಪದೇಶ ಮಾಡಿ ಸಮಾಧಾನಪಡಿಸಲಿಲ್ಲ, ಹಂಚುವ ಕೆಲಸಕ್ಕೆ ಏಳು ಜನರನ್ನು ನೇಮಿಸಿದರು. ಸ್ತೆಫನನಿಂದ ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳು (ಅಪೊಸ್ತಲರ ಕೃತ್ಯಗಳು 6:5). ನೀವೂ ಕೆಲಸದ ಪಟ್ಟಿಯಲ್ಲಿ ಹೆಸರು ಬರೆಸಿ. ಆರಾಧನೆ ಮುಗಿದ ಮೇಲಿನ ಕಾಫಿಯ ಸರದಿ, ಸಭೆಯ ಪತ್ರಿಕೆಯನ್ನು ಮನೆಮನೆಗೆ ಹಾಕುವುದು, ಇವೆರಡಕ್ಕೂ ಹೆಚ್ಚು ಜರ್ಮನ್ ಬೇಡ; ಬೀದಿಯ ಹೆಸರು, ಜನರ ಹೆಸರು ತಾವಾಗಿ ಬಾಯಿಗೆ ಬರುತ್ತವೆ. ಕನ್ನಡ ಎಂದರೇನು ಎಂದು ಕೇಳಿದರೆ ಪಕ್ಕದ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ತೀರಿಕೊಂಡ ಕಿಟೆಲರ ಹೆಸರು ಹೇಳಿ, ಮಾತು ಬೆಳೆಯುತ್ತದೆ.

‘ಇಂಡಿಯಾ ಸಂಜೆ’ಗೆ ಸಮೋಸ ಮಾಡಿಕೊಡಿ ಎಂದು ಖಂಡಿತ ಕರೆಯುತ್ತಾರೆ. ಮಾಡಿಕೊಡಿ. ಆದರೆ ವರ್ಷ ಕಳೆದರೂ ಕರೆ ಬರುವುದು ಸಮೋಸಕ್ಕೆ ಮಾತ್ರ ಎಂದಾದರೆ, ಮಂಡಳಿಯ ಮುಂದಿನ ಬಹಿರಂಗ ಸಭೆ ಯಾವತ್ತು ಎಂದು ಕೇಳಿ, ಹೋಗಿ ಕೂತುಕೊಳ್ಳಿ.