14 ತುಂಬಿದ್ರೆ ಅಪ್ಪನಾ ಅಮ್ಮನಾ ಅಂತ ಮಗನೇ ಆರಿಸ್ಕೋಬಹುದಾ? ಅಮೆರಿಕದ ಜಾರ್ಜಿಯಾದಿಂದ ಒಂದು ಉತ್ತರ

ಮೇಡಂ, ನೀವು ಕೇಳಿದ್ದು ಇಷ್ಟು: ಅಟ್ಲಾಂಟಾಗೆ ಬಂದು ಎಂಟು ತಿಂಗಳು, ಯಜಮಾನ್ರು ಬೇರೆ ಅಪಾರ್ಟ್‌ಮೆಂಟ್ ಮಾಡ್ಕೊಂಡು ಹೋಗಿದಾರೆ, ಮಗನಿಗೆ ಬರೋ ತಿಂಗಳು 14 ತುಂಬತ್ತೆ, ಇಲ್ಲಿ 14 ಆದ್ರೆ ಯಾರ ಜೊತೆ ಇರ್ಬೇಕು ಅನ್ನೋದರಲ್ಲಿ ಮಕ್ಕಳು ಹೇಳಿದ್ದೇ ಫೈನಲ್ ಅಂತ ಯಾರೋ ಹೆದರಿಸಿದಾರೆ, ಅದಕ್ಕೆ ಮುಂಚೆನೇ ಅವನನ್ನ ಕರ್ಕೊಂಡು ಬೆಂಗಳೂರಿಗೆ ಹೋಗ್ಬಿಡ್ಲಾ ಅಂತ. ನಾನು ಲಾಯರ್ ಅಲ್ಲ, ಇಲ್ಲಿ ಸುಮಾರು ವರ್ಷದಿಂದ ಇದ್ದೀನಿ, ನಮ್ಮ ಮನೇಲೇ ಒಂದು ಕೇಸ್ ಹತ್ತಿರದಿಂದ ನೋಡಿದೀನಿ, ಅಷ್ಟೇ.

ಹೆದರಿಸಿದವರು ಅರ್ಧ ಸರಿ. ಜಾರ್ಜಿಯಾದಲ್ಲಿ 14 ತುಂಬಿದ ಮಕ್ಕಳು ಇಂಥವರ ಜೊತೆ ಇರ್ತೀನಿ ಅಂತ ಬರ್ಕೊಟ್ರೆ ಕೋರ್ಟು ಸಾಮಾನ್ಯವಾಗಿ ಒಪ್ಪತ್ತೆ, ಆದ್ರೆ ಅಲ್ಲಿರೋದು ಅವರಿಗೆ ಒಳ್ಳೇದಲ್ಲ ಅಂತ ಜಡ್ಜ್‌ಗೆ ಅನ್ನಿಸಿದ್ರೆ ತಳ್ಳಿಹಾಕಬಹುದು. 11ರಿಂದ 13ರವರೆಗೆ ಅವರ ಮಾತು ಕೇಳಿಸ್ಕೋತಾರೆ, ಅದೇ ಕೊನೆ ಮಾತಲ್ಲ. ಕ್ಯಾಲಿಫೋರ್ನಿಯಾದ ರೂಲ್ಸನ್ನ ಇಲ್ಲಿಗೆ ಹಚ್ಚಬೇಡಿ, ಅಲ್ಲಿ 14ಕ್ಕೆ ಕೋರ್ಟಲ್ಲಿ ಮಾತಾಡೋ ಅವಕಾಶ ಇದೆ, ಆರಿಸ್ಕೊಳ್ಳೋ ಹಕ್ಕಿಲ್ಲ. ಇಲ್ಲಿ ಒಂದ್ಸಲ ಆರಿಸ್ಕೊಂಡ್ರೆ ಎರಡು ವರ್ಷದೊಳಗೆ ಮತ್ತೆ ಆರಿಸೋಕೆ ಬರಲ್ಲ. ಅಪ್ಪನ ಮನೆ ಅಂದ ತಕ್ಷಣ ನೀವು ಅಮ್ಮ ಅಲ್ಲ ಅಂತೇನೂ ಆಗಲ್ಲ, ಸ್ಕೂಲು ಡಾಕ್ಟ್ರು ಇಂಥ ವಿಷಯದಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಮಾತಿರತ್ತೆ, ವೀಕೆಂಡ್ ಯಾರಿಗೆ ಥ್ಯಾಂಕ್ಸ್‌ಗಿವಿಂಗ್ ಯಾರಿಗೆ ಸಮ್ಮರ್ ಎಷ್ಟು ವಾರ ಅಂತ ಎಲ್ಲಾ ಪೇರೆಂಟಿಂಗ್ ಪ್ಲ್ಯಾನ್ ಅಂತ ಬರೆಸ್ತಾರೆ. ದೀಪಾವಳಿ ಅದರಲ್ಲಿ ತಾನಾಗೇ ಬರಲ್ಲ, ನೀವೇ ಕೇಳಿ ಸೇರಿಸ್ಬೇಕು.

ಬೆಂಗಳೂರಿನ ಐಡಿಯಾ ಮಾತ್ರ ದಯವಿಟ್ಟು ಬಿಡಿ. ಮಗ ಇಲ್ಲಿ ಆರು ತಿಂಗಳು ದಾಟಿದಾನೆ ಅಂದ್ಮೇಲೆ ಅವನ ಕಸ್ಟಡಿ ನೋಡೋದು ಜಾರ್ಜಿಯಾ ಕೋರ್ಟು. ಹೇಳದೆ ಕೇಳದೆ ಫ್ಲೈಟ್ ಹತ್ತಿಸಿದ್ರೆ ಆಮೇಲೆ ನಿಮ್ಮ ವಿರುದ್ಧ ಮೊದಲು ಎತ್ತೋ ಪಾಯಿಂಟೇ ಅದು. ಹೇಳದೆ ಬೇರೆ ದೇಶಕ್ಕೆ ಕರ್ಕೊಂಡು ಹೋದ ಮಕ್ಕಳನ್ನ ವಾಪಸ್ ಕಳಿಸೋ ಹೇಗ್ ಒಪ್ಪಂದಕ್ಕೆ ಇಂಡಿಯಾ ಸಹಿ ಹಾಕಿಲ್ಲ, ಅಲ್ಲಿಗೆ ಹೋದ್ರೆ ಸೇಫ್ ಅಂತ ಕೆಲವರು ತಲೆಗೆ ತುಂಬ್ತಾರೆ, ಸಹಿ ಹಾಕಿಲ್ಲ ಅನ್ನೋದು ನಿಜ, ಸೇಫ್ ಅನ್ನೋದು ಸುಳ್ಳು, ನಮ್ಮ ಸುಪ್ರೀಂ ಕೋರ್ಟ್ ಇಂಥ ಕೇಸಲ್ಲಿ ಮಕ್ಕಳನ್ನ ವಾಪಸ್ ಕಳಿಸಿ ಅಂದಿದ್ದೂ ಇದೆ, ಬೇಡ ಅಂದಿದ್ದೂ ಇದೆ. ಮೇಲಿಂದ ಸಿಬಿಎಸ್ಇ ಹತ್ತನೇ ಕ್ಲಾಸಿಗೆ ಒಂಬತ್ತರಲ್ಲೇ ರಿಜಿಸ್ಟ್ರೇಶನ್, ಮಧ್ಯದಲ್ಲಿ ಹೋಗಿ ನಿಂತ್ರೆ ಆ ಹುಡುಗನ ಗತಿ ಏನು.

ನಮ್ಮ ನಾದಿನಿ ಮಗಳದ್ದು ಇದೇ ವಯಸ್ಸು. ಲಾಯರ್ ಆಫೀಸಲ್ಲಿ ಅಮ್ಮನ ಜೊತೆ ಇರ್ತೀನಿ ಅನ್ನೋ ಅಫಿಡವಿಟ್ ರೆಡಿ, ನೋಟರಿ ಸೀಲ್ ಹಿಡ್ಕೊಂಡು ಕೂತಿದಾರೆ, ಇವಳು ಪೆನ್ ಕ್ಯಾಪ್ ತೆಗೆದು ಹಾಕಿ ತೆಗೆದು ಹಾಕಿ ಮಾಡ್ತಾ, 'ಅತ್ತೆ, ಇದನ್ನ ಅಪ್ಪ ಓದ್ತಾರಾ?' ಅಂದ್ಲು. ಓದ್ತಾರೆ ಪುಟ್ಟಾ, ಅವರಿಗೂ ಕಾಪಿ ಹೋಗತ್ತೆ ಅಂದೆ. ಆವತ್ತು ಸೈನ್ ಹಾಕ್ಲಿಲ್ಲ, ಅಪ್ಪನಿಗೆ ತಾನೇ ಫೋನ್ ಮಾಡಿ ಹೇಳಿ ಆಮೇಲೆ ಹಾಕಿದ್ಲು. ಅಮ್ಮನ ಮನೆ ಆರಿಸಿದ್ದಕ್ಕೆ ಕಾರಣ ಏನು ಗೊತ್ತಾ, ಸ್ಕೂಲಿನ ಮಾರ್ಚಿಂಗ್ ಬ್ಯಾಂಡ್. ಅಪ್ಪನ ಹೊಸ ಮನೆ ಬೇರೆ ಸ್ಕೂಲ್ ಡಿಸ್ಟ್ರಿಕ್ಟು, ಅಲ್ಲಿಗೆ ಹೋದ್ರೆ ಸ್ಕೂಲೇ ಬದಲಾಗತ್ತೆ. ಅವರಪ್ಪ ನನ್ನಲ್ಲೇನು ಕಮ್ಮಿ ಇತ್ತು ಅಂತ ತಿಂಗಳುಗಟ್ಟಲೆ ಕೊರಗಿದ್ರು, ಇದರಲ್ಲಿ ಅವರ ಕಮ್ಮಿ ಜಾಸ್ತಿ ಏನೂ ಇರ್ಲಿಲ್ಲ ಮೇಡಂ, ಅವಳ ಕ್ಲಾರಿನೆಟ್ ಇತ್ತು.

ಹಂಗಾಗಿ ಮಗನ್ನ 'ನಾನಾ ಅಪ್ಪನಾ' ಅಂತ ಕೇಳ್ಬೇಡಿ, ಊಟಕ್ಕೆ ಕೂತಾಗ ತಮಾಷೆಗೂ ಬೇಡ. ಅವನು ಮಾತಾಡ್ಲೇಬೇಕು ಅಂದ್ರೆ ಗಾರ್ಡಿಯನ್ ಆಡ್ ಲೈಟಮ್ ಹಾಕ್ಸಿ ಅಂತ ಲಾಯರ್‌ಗೆ ಹೇಳಿ, ಮಕ್ಕಳ ಪರವಾಗಿ ವಿಚಾರಿಸೋಕೆ ಕೋರ್ಟೇ ನೇಮಿಸೋರು ಅವರು. ಖರ್ಚಿದೆ, ಆದ್ರೂ ಅಪ್ಪ ಅಮ್ಮನ ಮುಖ ನೋಡದೆ ಮಾತಾಡೋಕೆ ಅವನಿಗೊಬ್ಬರು ಸಿಗ್ತಾರೆ.

ನೀವು ಕೇಳದೇ ಇರೋದು ಒಂದಿದೆ, ನನಗೆ ಅದೇ ಜಾಸ್ತಿ ಚಿಂತೆ. ಬೇರೆ ಇದ್ರೆ ನಿಮ್ಮ ಎಚ್-4ಗೆ, ಅಂದ್ರೆ ಯಜಮಾನ್ರ ವೀಸಾ ಮೇಲೆ ನಿಮಗೆ ಸಿಕ್ಕಿರೋ ವೀಸಾಗೆ, ಏನೂ ಆಗಲ್ಲ, ಡಿವೋರ್ಸ್ ಡಿಕ್ರಿ ಬಂದ್ರೆ ನಿಮ್ಮದು ಹೋಗತ್ತೆ, ಮಗನದು ಅಪ್ಪನ ಎಚ್-1ಬಿ ಕೆಲಸದ ವೀಸಾ ಮೇಲೆ 21ರವರೆಗೆ ನಡಿಯತ್ತೆ. ಅಂದ್ರೆ ಅವನು ನಿಮ್ಮನ್ನೇ ಆರಿಸ್ಕೊಂಡ್ರೂ ನೀವು ಇಲ್ಲಿರೋ ದಾರಿ ಮೊದಲು ಆಗ್ಬೇಕು. ಫ್ಯಾಮಿಲಿ ಲಾಯರ್ ಜೊತೆ ಇಮಿಗ್ರೇಶನ್ ಲಾಯರ್‌ನ್ನೂ ಈ ವಾರಾನೇ ನೋಡಿ, ಯಾವ ಪೇಪರಿಗೂ ಅದಕ್ಕಿಂತ ಮುಂಚೆ ಸೈನ್ ಹಾಕ್ಬೇಡಿ. ಅಟ್ಲಾಂಟಾದಲ್ಲಿ ರಕ್ಷಾ ಅಂತ ನಮ್ಮಂಥ ದಕ್ಷಿಣ ಏಷ್ಯಾದವರಿಗೇ ಇರೋ ನೆರವಿನ ಸಂಸ್ಥೆ ಇದೆ, ಅವರಿಗೂ ಒಂದು ಫೋನ್ ಮಾಡಿ.